ನೇಮಣ್ಣನವರು ಅರ್ಥ ಹೇಳಿದ ಚಿತ್ರ

ನಮ್ಮ ಅನಗೋಳದ ಗಲ್ಲಿಯಲ್ಲಿ ಮಗು ಬಣ್ಣದ ಕಡ್ಡಿ ಕೈಗೆತ್ತಿಕೊಂಡರೆ ಸಾಕು, ತಾಯಂದಿರು ಎದ್ದು ಹೋಗಿ ಬೀದಿ ಬಾಗಿಲು ಮುಚ್ಚುತ್ತಿದ್ದರು. ಮಗು ಗೋಡೆ ಹಾಳು ಮಾಡೀತು ಎಂಬ ಹೆದರಿಕೆಯಿಂದಲ್ಲ. ನೇಮಣ್ಣನವರು ಬಂದು ಅರ್ಥ ಹೇಳಿಯಾರು ಎಂಬ ಹೆದರಿಕೆಯಿಂದ.

ನೇಮಣ್ಣನವರು ನೀರಾವರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಯಾರ ಗೋಜಿಗೂ ಹೋಗದ ಮನುಷ್ಯ. ಅವರಿಗೆ ಈ ವಿದ್ಯೆ ಅಂಟಿಕೊಂಡದ್ದು ಬೆಳಗಾವಿಯ ಕ್ಯಾಂಪ್ ಪೇಟೆಯಲ್ಲಿ. ಹೊಸ ಚಷ್ಮಾ ತರಲು ಹೋದಾಗ ಅಂಗಡಿಯವನು ತಾಸು ಬಿಟ್ಟು ಬರಲು ಹೇಳಿದ. ಪಕ್ಕದ ಸಭಾಗೃಹದಲ್ಲಿ ಫ್ಯಾನು ತಿರುಗುತ್ತಿರುವುದನ್ನು ಕಂಡು ಇವರು ಒಳಹೊಕ್ಕು ಕುಳಿತರು. ಅಲ್ಲಿ ಯಾರೋ ವಿದುಷಿ ಮಕ್ಕಳ ಚಿತ್ರಕಲೆಯ ಬಗ್ಗೆ ಮಾತಾಡುತ್ತಿದ್ದರು. "ಮಗು ಎಳೆದ ಒಂದು ಗೆರೆಯೂ ವ್ಯರ್ಥವಲ್ಲ, ಪ್ರತಿಯೊಂದಕ್ಕೂ ಅರ್ಥವಿದೆ" ಎಂದು ಆಕೆ ಹೇಳುವ ಹೊತ್ತಿಗೆ ಚಷ್ಮಾ ತಯಾರಾಗಿರಬೇಕೆಂದು ಇವರು ಎದ್ದು ಬಂದರು. ಹೀಗೆ ಇಡೀ ಚಷ್ಮಾ ಮತ್ತು ಅರ್ಧ ಉಪನ್ಯಾಸದೊಂದಿಗೆ ನೇಮಣ್ಣ ಮನೆಗೆ ಮರಳಿದರು. ಚಷ್ಮಾದಿಂದ ಗಲ್ಲಿಗೆ ಯಾವ ತೊಂದರೆಯೂ ಆಗಲಿಲ್ಲ.

ಮೊದಲು ಸಿಕ್ಕಿಬಿದ್ದವನು ಎದುರುಮನೆಯ ಬಾಳಕೃಷ್ಣ ಮಾಸ್ತರರ ಮೊಮ್ಮಗ ರೋಹನ. ಅವನು ಗಾಲಿಯಿಲ್ಲದ ಬಸ್ಸು ಬರೆದಿದ್ದ. ನೇಮಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿ, ಮಗುವಿನ ಮನಸ್ಸು ಮುಂದಕ್ಕೆ ಹೋಗಲೊಲ್ಲದು, ಒಳಗೆ ಏನೋ ನಿಂತುಬಿಟ್ಟಿದೆ ಎಂದರು. ಅಜ್ಜಿ ಕುಂದಾಬಾಯಿ ಗಾಬರಿಯಾಗಿ ಮೊಮ್ಮಗನಿಗೆ ಬಾದಾಮಿ ತಿನ್ನಿಸಿದರು, ದೃಷ್ಟಿ ತೆಗೆದರು, ಕೊನೆಗೆ ಡಾಕ್ಟರರ ಹತ್ತಿರವೂ ಕರೆದೊಯ್ದರು. ಡಾಕ್ಟರರು ಸುಮ್ಮನೆ ಹುಡುಗನನ್ನು ಗಾಲಿ ಎಲ್ಲಿ ಎಂದು ಕೇಳಿದರು. ಬಸ್ಸು ರಾಡಿಯಲ್ಲಿ ಹೂತಿದೆ, ಗಾಲಿ ಹೇಗೆ ಕಾಣಬೇಕು ಎಂದು ಹುಡುಗ ತಿರುಗಿ ಕೇಳಿದ. ಈ ಪ್ರಸಂಗದಿಂದ ನೇಮಣ್ಣ ಏನೂ ಕಲಿಯಲಿಲ್ಲ.

ಹೀಗಿರುವಾಗ ಅವರ ಸ್ವಂತ ಮೊಮ್ಮಗಳ ಚಿತ್ರವೇ ಮನೆಗೆ ಬಂತು. ಮಗಳು ಪೂನಮ್‌ಳನ್ನು ಖಾನಾಪುರದ ಕಡೆ ಕೊಟ್ಟಿದ್ದಾರೆ. ಅಳಿಯ ಸುಯೋಗ ಟ್ರ್ಯಾಕ್ಟರಿನ ಯಾವುದೋ ಸಾಮಾನಿಗೆಂದು ಬೆಳಗಾವಿಗೆ ಬಂದವನು, ಸುರುಳಿ ಸುತ್ತಿದ ಹಾಳೆ ಕೊಟ್ಟು, "ಪ್ರಾಚಿ ಕೊಟ್ಟಾಳ್ರಿ. ಅಜ್ಜನ ಕೈಯಾಗ ಕೊಡಬೇಕಂತ" ಎಂದಷ್ಟೇ ಹೇಳಿ ಓಡಿದ.

ಪ್ರಾಚಿ ಒಂದನೆಯ ಇಯತ್ತೆಯ ಹುಡುಗಿ. ಹಾಳೆಯ ನಡುವೆ ಕಂದು ಬಣ್ಣದ ಪಟ್ಟಿಯೊಂದು ಅಂಕುಡೊಂಕಾಗಿ ಮೇಲಿನಿಂದ ಕೆಳಗಿಳಿದಿತ್ತು. ಅದರ ಎರಡೂ ಬದಿ ಮನೆಗಳು, ಮರಗಳು ಅಡ್ಡಡ್ಡ ಮಲಗಿದ್ದವು. ಮೇಲ್ಗಡೆ ಕಿಟಕಿಗೊಂದು ಮುಖವಿದ್ದ ರೈಲು. ಅದರ ಕೆಳಗೆ, ಹಸಿರು ಅಂಗಿಯ ಡೊಳ್ಳುಹೊಟ್ಟೆಯವನೊಬ್ಬ ಮಲಗಿದ್ದ. ಆಮೇಲೆ ಒಂದು ಗುಡಿ, ಅದರ ಪಕ್ಕ ಗುಡಿಗಿಂತ ದೊಡ್ಡದಾದ ಕೆಂಪು ಹುಂಜ. ಅದರ ಕೆಳಗೆ ನೀಲಿ ಉಂಗುರ, ಉಂಗುರದೊಳಗೆ ಮೀನು, ಕಪ್ಪೆ, ಒಂದು ಕೊಡ. ಒಂದು ಬದಿಗೆ ಸೂರ್ಯ. ಸೂರ್ಯನಿಂದ ಹೊರಟ ಹಗ್ಗವೊಂದು ಹುಣಸೆ ಮರದ ತನಕ ಬಂದಿತ್ತು. ಹಾಳೆಯ ಕೆಳತುದಿ ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು, ಅದನ್ನು ಬಿಡಿಸಿ ನೋಡುವ ಗೋಜಿಗೆ ನೇಮಣ್ಣ ಹೋಗಲಿಲ್ಲ.

ನೇಮಣ್ಣ ಅಂದೇ ಸಂಜೆ ಗಲ್ಲಿಯವರನ್ನು ಕರೆದರು. ಕಂದು ಪಟ್ಟಿ ಸಂಸಾರ. ಬಿದ್ದ ಮನೆಗಳು ಅನಿತ್ಯ. ರೈಲು ಜೀವಗಳ ಪ್ರಯಾಣ. ಮಲಗಿದವನು ಅಜ್ಞಾನ. ಹುಂಜ ಅಹಂಕಾರ, ಅದಕ್ಕೇ ಗುಡಿಗಿಂತ ದೊಡ್ಡದು. ನೀಲಿ ಉಂಗುರ ಭವಸಾಗರ. ಹಗ್ಗವಂತೂ ಕರ್ಮಬಂಧವಲ್ಲದೆ ಮತ್ತೇನು. ಜನ ಚಹಾ ಕುಡಿದು ತಲೆಯಾಡಿಸಿದರು. ಬಾಳಕೃಷ್ಣ ಮಾಸ್ತರರೊಬ್ಬರು ಮಾತ್ರ ಒಪ್ಪಲಿಲ್ಲ. ಅವರು ಡ್ರಾಯಿಂಗ್ ಮಾಸ್ತರರಾಗಿದ್ದವರು, ಆಯುಷ್ಯವನ್ನೆಲ್ಲ ಹೂಜಿಯ ಎರಡು ಬದಿ ಸಮ ಮಾಡಿಸುವುದರಲ್ಲಿ ಕಳೆದವರು.

"ಪ್ರಮಾಣ ಇಲ್ರಿ ನೇಮಣ್ಣಾ" ಎಂದರು ಮಾಸ್ತರರು. "ಹುಂಜ ಗುಡಿಕಿಂತ ದೊಡ್ಡದು ಇರತೈತೇನು?"

"ನಿಮಗ ಹುಂಜ ಕಾಣಸ್ತದ ಮಾಸ್ತರ, ನನಗ ಅಹಂಕಾರ ಕಾಣಸ್ತದ."

ಆ ಹಾಳೆಗೆ ನೇಮಣ್ಣ ಬಂಗಾರ ಬಣ್ಣದ ಚೌಕಟ್ಟು, ಗಾಜು ಹಾಕಿಸಿದರು. ಅವರಿಗೆ ಮೆಚ್ಚಿಗೆಯಾದ ಚೌಕಟ್ಟು ಹಾಳೆಗಿಂತ ಸಣ್ಣದಿತ್ತು. ಅಂಗಡಿಯವನು ಹಾಳೆಯ ಕೆಳತುದಿಯನ್ನು ಹಿಂದಕ್ಕೆ ಮಡಚಬೇಕಾದೀತು ಎಂದ. ಮಡಚು, ಕೆಳಗೆ ಬರೀ ನೆಲವಿದೆ ಎಂದರು ಇವರು. ಪ್ರಾಚಿಯೇ ಒಮ್ಮೆ ಫೋನಿನಲ್ಲಿ, "ಅಜ್ಜಾ, ಚಿತ್ರಾ ನೋಡಿದ್ಯಾ? ಅದನ್ನ ಹಿಡಕೊಂಡು" ಎಂದು ಏನೋ ಹೇಳಹೊರಟಿದ್ದಳು. "ನೋಡಿದೆ ನನ್ನವ್ವ, ಎಲ್ಲಾ ತಿಳೀತು, ನೀ ಏನೂ ಹೇಳಬ್ಯಾಡ" ಎಂದು ಅಜ್ಜ ಶುರು ಮಾಡಿದವರು ನೆಟ್‌ವರ್ಕ್ ಹೋಗುವ ತನಕ ನಿಲ್ಲಿಸಲಿಲ್ಲ.

ಇನ್ನು ಬೀಗರ ವಿಷಯ. ಪೂನಮ್‌ಳ ಮಾವ ಪಾಯಪ್ಪನವರು ಗಟ್ಟಿ ಮನುಷ್ಯ, ಸಿಟ್ಟೂ ಗಟ್ಟಿ. ಮದುವೆಯಾದಂದಿನಿಂದ ಬೀಗರು ತಮ್ಮ ಮನೆಯಲ್ಲಿ ಒಂದು ತುತ್ತು ಉಂಡಿಲ್ಲವೆಂಬ ಕೊರಗು ಅವರಿಗೆ. ಎರಡೂ ಮನೆಯವರು ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದ ಜೈನರು. ನೇಮಣ್ಣ ಖಾನಾಪುರಕ್ಕೆ ಹೋದಾಗಲೆಲ್ಲ ಒಮ್ಮೆ ಬಸ್ಸು ಕೆಟ್ಟು, ಒಮ್ಮೆ ಸ್ಟ್ಯಾಂಡಿನಲ್ಲಿ ಯಾರಿಗೋ ಏನೋ ವಿವರಿಸುತ್ತ ನಿಂತು, ದೀಪ ಹಚ್ಚಿದ ಮೇಲೆಯೇ ತಲುಪಿದ್ದಾರೆ. ಮುಚ್ಚಿಟ್ಟ ಅಡಿಗೆಯ ಮುಂದೆ ಎರಡೂ ಕಡೆಯವರು ಗೌರವದಿಂದ ಹಸಿದು ಕುಳಿತಿದ್ದಾರೆ. ನಮ್ಮ ಮನೆಯ ಊಟ ಬೇಡದವರು ಹೊತ್ತು ನೋಡಿಕೊಂಡು ಬರುತ್ತಾರೆ ಎಂದು ಪಾಯಪ್ಪ ಆಡಿಕೊಂಡರು. ಈಗ ಅವರು ಖಾನಾಪುರ ಬಿಟ್ಟು, ಗುಂಜಿಯ ಆಚೆ ಕಾಡಿನಂಚಿನ ಹೊಲದಲ್ಲಿ ಹೊಸ ಮನೆ ಕಟ್ಟಿಸಿ ಹೋಗಿದ್ದರು. ಅಲ್ಲಿಗೆ ಊಟಕ್ಕೆ ಕರೆ ಬಂತು. ಪೂನಮ್ ಫೋನು ಮಾಡಿದಳು.

"ಅಪ್ಪಾ, ಈ ಸಲ ಹೊತ್ತು ಮುಣಗೂದ್ರಾಗ ಬಂದ ಬಿಡು. ಬೀಗರು ಈ ಸಲಾನೂ ಉಣಲಿಲ್ಲಂದ್ರ ದೀವಳಿಗಿಗೆ ಸೊಸಿನ್ನ ಕಳಸಂಗಿಲ್ಲ, ಮೊಮ್ಮಗಳನ್ನೂ ಕಳಸಂಗಿಲ್ಲಂತ ಮಾವನವರು ಎಲ್ಲಾರ ಮುಂದ ಅಂದಾರ. ಅವರು ಅಂದದ್ದು ತಿರಗಿ ತಗೊಳ್ಳೂ ಪೈಕಿ ಅಲ್ಲ."

ನೇಮಣ್ಣನವರ ಹೆಂಡತಿ ಸೋನಾಬಾಯಿ ಇದನ್ನು ಕೇಳಿ ಆ ರಾತ್ರಿ ನಿದ್ದೆ ಮಾಡಲಿಲ್ಲ. ದೀಪಾವಳಿಗೆ ಮೊಮ್ಮಗಳು ಬಾರದ ಮನೆಯನ್ನು ಆಕೆಗೆ ನೆನೆಯಲೂ ಆಗಲಿಲ್ಲ.

ಮುಂದಿನದನ್ನು ನನಗೆ ಹೇಳಿದವರು ಬಾಳಕೃಷ್ಣ ಮಾಸ್ತರರು. ಅವರದೇ ಹಳೆಯ ಮಾರುತಿ ಕಾರಿನಲ್ಲಿ ಮೂವರೂ ಹೊರಟರು. ಈ ಕಥೆ ಹೇಳಿದ ಹಾಗೆಲ್ಲ ಮಾಸ್ತರರ ಹುಂಜ ಬೆಳೆಯುತ್ತ ಹೋಗಿದೆ. ನಾನು ಮೊದಲ ಸಲದ ಹುಂಜವನ್ನೇ ಇಟ್ಟುಕೊಂಡಿದ್ದೇನೆ.

ಮಧ್ಯಾಹ್ನ ಮನೆಯಲ್ಲಿ ಊಟವಾದ ಕೂಡಲೇ ಹೊರಟರೆ ಯಾವ ತಾಪತ್ರಯವೂ ಇರಲಿಲ್ಲ. ಹಾಗೆಯೇ ಹೊರಟರು ಕೂಡ. ಮಚ್ಛೆ ದಾಟಿದ ಮೇಲೆ ನೇಮಣ್ಣನವರಿಗೆ ಚಿತ್ರದ ನೆನಪಾಯಿತು.

"ಮಾಸ್ತರ, ಗಾಡಿ ತಿರಗಸ್ರಿ. ಬೀಗರಿಗೆ ಆ ಚಿತ್ರದ ಅರ್ಥಾ ಹೇಳಬೇಕು. ತಮ್ಮ ಮನ್ಯಾಗ ಎಂಥಾ ಜೀವ ಹುಟ್ಟೈತಿ ಅನ್ನೂದು ಅವರಿಗೆ ಗೊತ್ತಿಲ್ಲ."

"ಹೊತ್ತಾಗತದ್ರಿ" ಎಂದರು ಸೋನಾಬಾಯಿ.

"ಅರ್ಥಾ ಕೇಳಿದ್ರ ಅವರ ಸಿಟ್ಟ ಇಳೀತದ. ನೀ ಸುಮ್ನಿರು."

ಕಾರು ತಿರುಗಿತು. ಅನಗೋಳಕ್ಕೆ ಹೋಗಿ, ಚಿತ್ರವನ್ನು ಗೋಡೆಯಿಂದ ಇಳಿಸಿ, ಹಳೆಯ ಧೋತರದಲ್ಲಿ ಸುತ್ತಿ, ಕುಂದಾಬಾಯಿಗೆ ಎಲ್ಲಿಗೆ ಒಯ್ಯುತ್ತಿದ್ದೇವೆಂದು ವಿವರಿಸಿ, ರೈಲ್ವೆ ಗೇಟಿನಲ್ಲಿ ನಿಂತು ಮತ್ತೆ ಹೊರಡುವಷ್ಟರಲ್ಲಿ ನೆರಳು ಉದ್ದವಾಗತೊಡಗಿತ್ತು. ಖಾನಾಪುರ ದಾಟುವಾಗ ಸೂರ್ಯ ಕಾರಿನ ಬಲಗಡೆಯ ಕಿಟಕಿಯಲ್ಲಿ ಕೂತು ಜೊತೆಗೇ ಬರತೊಡಗಿದ. ಮಾಸ್ತರರ ಕಾರಿಗೆ ಏರಿನಲ್ಲಿ ದಮ್ಮು. ಸೋನಾಬಾಯಿ ಹಿಂದಿನ ಸೀಟಿನಲ್ಲಿ ಣಮೋಕಾರ ಮಂತ್ರ ಹೇಳುತ್ತ ಕುಳಿತಿದ್ದರು.

ಗುಂಜಿ ಬಂತು. ಸುಯೋಗ ಫೋನಿಗೆ ಕಳಿಸಿದ ಲೊಕೇಶನ್ ತೆರೆದರೆ, ಬೀಗರ ಮನೆ ದಟ್ಟ ಹಸಿರಿನ ನಡುವೆ ಒಂದು ಕೆಂಪು ಚುಕ್ಕೆಯಾಗಿ ನಿಂತಿತ್ತು. ಅದರ ಸುತ್ತ ಒಂದು ದಾರಿಯೂ ಇರಲಿಲ್ಲ. ಮಗಳಿಗೆ ಫೋನು ಹಚ್ಚಿದರೆ ನೆಟ್‌ವರ್ಕ್ ಇಲ್ಲ. ಊರಲ್ಲಿ ಒಬ್ಬಾತನನ್ನು ಕೇಳಿದರೆ, "ಪಾಯಪ್ಪಣ್ಣಾರ ಹೊಸಾ ಮನಿ ಏನ್ರಿ? ಹಿಂಗ ಹೋಗ್ರಿ, ಮುಂದ ಯಾರನ್ನರ ಕೇಳ್ರಿ" ಎಂದು ಕಾಡಿನತ್ತ ಕೈ ಮಾಡಿದ. ಮುಂದೆ ಕೇಳಲು ಮಂಗಗಳ ಹೊರತು ಯಾರೂ ಇರಲಿಲ್ಲ.

ರೈಲ್ವೆ ಗೇಟು ಹಾಕಿತ್ತು. ಕಾರು ನಿಂತಿತು, ಸೂರ್ಯ ನಿಲ್ಲಲಿಲ್ಲ. ಪ್ಯಾಸೆಂಜರ್ ಗಾಡಿಯೊಂದು ನಿಧಾನವಾಗಿ ಬಂದು ಅವರ ಮುಂದೆಯೇ ಹಾದುಹೋಯಿತು. ಜನ ಸಂಜೆಯ ಗಾಳಿಗೆ ಮುಖ ಹೊರಗೆ ಹಾಕಿ ಕುಳಿತಿದ್ದರು.

"ಕಿಡಕಿಗೊಂದ ಮುಖಾ" ಎಂದರು ಸೋನಾಬಾಯಿ, ತಮ್ಮಷ್ಟಕ್ಕೆ ತಾವೇ.

"ಏನಂದಿ?"

"ಏನಿಲ್ರಿ."

ಗೇಟು ದಾಟಿ ಸ್ವಲ್ಪ ದೂರಕ್ಕೆ ದಾರಿಗೆ ಅಡ್ಡವಾಗಿ ಅರಣ್ಯ ಇಲಾಖೆಯ ಬಿದಿರಿನ ಗಳವಿತ್ತು. ಪಕ್ಕದ ಮರದಡಿ ಹಸಿರು ಅಂಗಿ ಎದೆಯ ಮೇಲೆ ಟೋಪಿ ಇಟ್ಟುಕೊಂಡು ನಿದ್ದೆ ಹೋಗಿತ್ತು. ಮಾಸ್ತರರು ಹಾರ್ನ್ ಒತ್ತಿದರು. ಹಸಿರು ಅಂಗಿ ಎದ್ದು, ಟೋಪಿ ಹಾಕಿಕೊಂಡು, ಎದೆಯ ಹೆಸರುಪಟ್ಟಿಯ ಪ್ರಕಾರ ಅರಣ್ಯ ವೀಕ್ಷಕ ಯಲ್ಲೇಶನಾಗಿ ಕಾರಿನ ಬಳಿ ಬಂತು. ನಿದ್ದೆಯಿಂದೆದ್ದ ಸರಕಾರಿ ನೌಕರನಿಗೆ ಕರ್ತವ್ಯದ ಹುರುಪು ಹೆಚ್ಚು. ಹಿಂದಿನ ಸೀಟಿನಲ್ಲಿ ಧೋತರ ಸುತ್ತಿದ ವಸ್ತು ಅವನ ಕಣ್ಣಿಗೆ ಬಿತ್ತು.

"ಅದೇನದು? ಕಟ್ಟಿಗಿ ಏನು? ಬಿಚ್ರಿ."

ಬಿಚ್ಚಿದರು. ಯಲ್ಲೇಶ ಚಿತ್ರವನ್ನು ಬಹಳ ಹೊತ್ತು ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಬಿಗಿಯಿತು.

"ಇದು ನಕಾಶಿ. ಇದು ನಮ್ಮ ಕಾಡಿನ ನಕಾಶಿ. ರೈಲ್ವೆ ಗೇಟ ಐತಿ, ಗಿಡಾ ಎಲ್ಲೆಲ್ಲಿ ಅದಾವಂತ ಐತಿ. ಯಾವ ಗಿಡಾ ಕಡಿಯಾಕ ಹೊಂಟೀರಿ?"

ನೇಮಣ್ಣ ನಕ್ಕರು. ಪಾಮರರಿಗೆ ತಿಳಿಸಿ ಹೇಳುವ ಅವಕಾಶ ಒದಗಿದಾಗ ಅವರು ಯಾವಾಗಲೂ ಮೊದಲು ಹೀಗೆ ನಗುತ್ತಾರೆ.

"ಇದು ನಕಾಶಿ ಅಲ್ಲಪಾ. ಇದು ಜೀವದ ಪ್ರಯಾಣ. ಈ ಹಾದಿ ಅಂದ್ರ ಸಂಸಾರ."

"ಸಂಸಾರದಾಗ ರೈಲ್ವೆ ಗೇಟ ಯಾಕ ಐತಿ?"

"ಅದು ಜನ್ಮದಿಂದ ಜನ್ಮಕ್ಕ ಹೋಗೂ ಗಾಡಿ."

"ಮತ್ತ ಇಂವಾ ಯಾರು?" ಯಲ್ಲೇಶನ ಬೆರಳು ಮಲಗಿದ ಡೊಳ್ಳುಹೊಟ್ಟೆಯ ಮೇಲೆ ನಿಂತಿತ್ತು.

"ಅಂವಾ ಅಜ್ಞಾನಿ. ಎಚ್ಚರ ಇರಬೇಕಾದಲ್ಲೆ ಮಲಗ್ಯಾನ. ನೋಡು, ಹೊಟ್ಟಿ ನೋಡು. ಅದು ಆಲಸ್ಯ. ಇಂಥಾವಂಗ ಮುಕ್ತಿ ಇಲ್ಲ."

ಯಲ್ಲೇಶ ತನ್ನ ಹಸಿರು ಅಂಗಿ ನೋಡಿಕೊಂಡ. ಮರ ನೋಡಿದ. ತಾನು ಮಲಗಿದ್ದ ಜಾಗ ನೋಡಿದ. ಮಾಸ್ತರರು ಹೇಳುವಂತೆ, ಆ ಕ್ಷಣ ಅವರಿಗೆ ಕಾರು ಬಿಟ್ಟು ಓಡಿಹೋಗಬೇಕೆನಿಸಿತು.

"ಸಾಹೇಬರಿಗೆ ಫೋನ್ ಹಚ್ಚತೀನಿ" ಎಂದ ಯಲ್ಲೇಶ. "ನೆಟ್‌ವರ್ಕ್ ಬರೂತನಕ ಇಲ್ಲೇ ನಿಂದರ್ರಿ."

"ನೆಟ್‌ವರ್ಕ್ ಯಾವಾಗ ಬರತೈತಿ?" ಎಂದರು ಮಾಸ್ತರರು.

"ಒಮ್ಮೊಮ್ಮೆ ಬರತೈತ್ರಿ."

ಸೂರ್ಯ ಮರಗಳ ತಲೆಯ ಮಟ್ಟಕ್ಕೆ ಇಳಿದಿದ್ದ. ನೇಮಣ್ಣನವರಿಗೆ ಈಗ ನಿಜಕ್ಕೂ ದಿಗಿಲಾಯಿತು. ದಿಗಿಲಾದಾಗ ಅವರಿಗೆ ಬರುವುದು ಒಂದೇ, ಇನ್ನಷ್ಟು ವಿವರಣೆ. ಇದು ನಕಾಶೆ ಅಲ್ಲವೇ ಅಲ್ಲ ಎಂದು ಅವರು, ನಕಾಶೆಯೇ ಎಂದು ಯಲ್ಲೇಶ, ಹೀಗೆ ವಾದ ಏರಿತು. ಅವರು ಸಾಗರ ಎಂದದ್ದನ್ನು ಅವನು ಭಾವಿ ಎಂದ. ಅವರು ಅಹಂಕಾರ ಎಂದದ್ದನ್ನು ಅವನು ಹುಂಜ ಎಂದ. ಕೊನೆಗೆ ಹಿಂದಿನ ಸೀಟಿನಿಂದ ಸೋನಾಬಾಯಿ ಇಳಿದು ಬಂದು ಗಂಡನ ಮತ್ತು ಸರಕಾರದ ನಡುವೆ ನಿಂತರು.

"ಅಪ್ಪಾ ಯಲ್ಲೇಶ, ನೀ ಅಂದದ್ದು ಖರೇ. ಅದು ನಕಾಶಿನ ಐತಿ" ಎಂದರು. "ನನ್ನ ಮೊಮ್ಮಗಳು ತಗದಾಳ. ಅಜ್ಜಗ ಮನಿ ಹಾದಿ ಸಿಗಬೇಕಂತ ತಗದು ಕಳಸ್ಯಾಳ. ನಮಗ ಅದು ತಿಳೀಲಿಲ್ಲ. ಹೊತ್ತ ಮುಣಗಿದ್ರ ನಾವು ಉಣ್ಣಂಗಿಲ್ಲ, ಉಣಲಿಲ್ಲಂದ್ರ ಮಗಳ ಮನ್ಯಾಗ ರಾಮಾಯಣ ಆಗತೈತಿ. ಹಾದಿ ಬಿಡಪಾ."

ಯಲ್ಲೇಶ ಇನ್ನೊಮ್ಮೆ ಚಿತ್ರ ನೋಡಿದ. "ಕೂಸು ತಗದದ್ದೇನ್ರಿ ಇದು?" ಎಂದು ಕೇಳಿ, ಹೊಟ್ಟೆ ಸವರಿಕೊಂಡು, "ನನ್ನ ಹೊಟ್ಟಿ ಇಷ್ಟ ಇಲ್ಲ ಅಂತ ಹೇಳ್ರಿ ಆಕಿಗೆ" ಎಂದು ಬಿದಿರಿನ ಗಳ ಎತ್ತಿದ. ಪಾಯಪ್ಪನವರ ಮನೆಯ ದಾರಿ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಮೊನ್ನೆ ಮೊನ್ನೆ ಈ ಗೇಟಿಗೆ ಬಂದವನು, ಮರದ ನೆರಳು ಬಿಟ್ಟು ಆಚೆ ಹೋಗಿರಲಿಲ್ಲ.

ಕಾರು ಹೊರಟಿತು. ನೇಮಣ್ಣ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮೊಟ್ಟಮೊದಲ ಬಾರಿಗೆ ಆ ಚಿತ್ರವನ್ನು ನೋಡಿದರು. ಎಡಕ್ಕೆ ಬಾಗಿಲು ಹಾಕಿದ ಒಂದು ಮನೆ ಹಾದುಹೋಯಿತು. ಅವರು ಚೌಕಟ್ಟನ್ನು ಸ್ವಲ್ಪ ತಿರುಗಿಸಿದರು. ಹಾಳೆಯ ಆ ಬದಿಯಲ್ಲಿ ಬಿದ್ದಿದ್ದ ಮನೆ ನೆಟ್ಟಗೆ ನಿಂತಿತು. ಬಲಕ್ಕೆ ಎರಡು ಮರ ಬಂದವು. ಇನ್ನೊಂದು ಕಡೆಗೆ ತಿರುಗಿಸಿದರು. ಆ ಮರಗಳೂ ಎದ್ದು ನಿಂತವು.

"ಮಾಸ್ತರ" ಎಂದರು ನೇಮಣ್ಣ, ಸಣ್ಣ ದನಿಯಲ್ಲಿ. "ಒಂದೂ ಬಿದ್ದಿಲ್ಲರಿ. ಆಕಿ ಹಾದಿ ನಡುವ ನಿಂತು ಈ ಕಡೆ ನೋಡ್ಯಾಳ, ಆ ಕಡೆ ನೋಡ್ಯಾಳ. ಎರಡೂ ಕಡೆ ಆಕಿಗೆ ನೆಟ್ಟಗ ಕಂಡಾವು. ಹಂಗ ತಗದಾಳ. ಎಲ್ಲಾ ನಿಂತಾವು."

ಮಾಸ್ತರರು ಗೇರು ಬದಲಿಸಿದರು. ಅವರ ಪಠ್ಯಕ್ರಮದಲ್ಲಿ ಇಂಥದ್ದು ಇರಲಿಲ್ಲ.

"ಈಗ ಹುಂಜ ಬರಬೇಕು" ಎಂದರು ಸೋನಾಬಾಯಿ. "ಜ್ವಾಕಿ. ಅದನ್ನ ಬಾಳ ದೊಡ್ಡದು ತಗದಾಳ."

"ಗುಡಿಕಿಂತ ದೊಡ್ಡ ಹುಂಜಕ್ಕ ನಾ ಅಂಜೂದಿಲ್ಲ" ಎಂದರು ಮಾಸ್ತರರು. ಸಣ್ಣ ಗುಡಿಯೊಂದು ಬಂತು. ಅದರ ಪಕ್ಕದ ಗುಡಿಸಲಿನವರು ದಾರಿಯಲ್ಲಿ ಒಂದು ಸೌದೆಯ ಹೊರೆ ಇಟ್ಟು ಎಲ್ಲೋ ಹೋಗಿದ್ದರು. ಅದನ್ನು ಸರಿಸಲು ಮಾಸ್ತರರು ಕೆಳಗಿಳಿದರು. ಹುಂಜ ಎಲ್ಲಿಂದ ಬಂತು ಎಂಬುದನ್ನು ಅವರು ಇಂದಿಗೂ ಸರಿಯಾಗಿ ಹೇಳಲಾರರು. ಮೊದಲು ಮೊಣಕಾಲಿಗೆ ಬಂತು, ಆಮೇಲೆ ಬೆನ್ನಿಗೆ. ಹೊರೆಯನ್ನು ಬಿಟ್ಟು ಅವರು ಗುಡಿಯನ್ನು ಒಂದು ಸುತ್ತು ಹಾಕಿದರು, ಹುಂಜವೂ ಹಾಕಿತು. ಕಾರಿನೊಳಗೆ ಬಿದ್ದು ಬಾಗಿಲು ಹಾಕಿಕೊಂಡಾಗ ಅವರ ಪ್ಯಾಂಟಿನ ಒಂದು ಕಾಲು ಗಾಳಿಗೆ ತೆರೆದುಕೊಂಡಿತ್ತು. ಅಷ್ಟರಲ್ಲಿ ಸೋನಾಬಾಯಿ ಇನ್ನೊಂದು ಕಡೆಯಿಂದ ಇಳಿದು ಹೊರೆ ಸರಿಸಿ ಬಂದು ಕುಳಿತಿದ್ದರು.

ಬಹಳ ದೂರದ ತನಕ ಮಾಸ್ತರರು ಏದುಸಿರು ಬಿಟ್ಟರು. ಆಮೇಲೆ, "ಪ್ರಮಾಣ ಬರೋಬ್ಬರಿ ಐತಿ" ಎಂದರು.

ನೀಲಿ ಬಣ್ಣ ಬಳಿದ ಕಟ್ಟೆಯ ಭಾವಿ ಬಂತು. ಮೀನು, ಕಪ್ಪೆ, ಕೊಡ ಒಳಗಿದ್ದವೋ ಏನೋ, ಇಳಿದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಒಳಗಿದ್ದದ್ದನ್ನು ಒಳಗೇ ತೋರಿಸಿದ್ದಳು ಹುಡುಗಿ, ಅಷ್ಟು ಸಾಕು. ಭಾವಿಯ ಮುಂದೆ ದಾರಿ ಎರಡಾಗಿ ಒಡೆದಿತ್ತು. ಒಂದು ಇಳಿಜಾರಿಗೆ, ಒಂದು ದಿನ್ನೆಗೆ. ಎರಡರಲ್ಲೂ ಟ್ರ್ಯಾಕ್ಟರಿನ ಗಾಲಿಯ ಗುರುತು. ನೇಮಣ್ಣ ಚಿತ್ರ ನೋಡಿದರು. ಕಂದು ಪಟ್ಟಿ ಭಾವಿಯನ್ನು ದಾಟಿ, ಬಂಗಾರ ಬಣ್ಣದ ಚೌಕಟ್ಟಿನ ಅಡಿ ಹೊಕ್ಕು ಮಾಯವಾಗಿತ್ತು.

"ಮುಂದ?" ಎಂದರು ಮಾಸ್ತರರು.

"ಮುಂದ ಮಡಚೇತಿ" ಎಂದರು ನೇಮಣ್ಣ.

ಎಡದಾರಿ ತಪ್ಪಾದರೆ ಮರಳಿ ಬರುವಷ್ಟರಲ್ಲಿ ಕತ್ತಲೆ. ಬಲದಾರಿ ತಪ್ಪಾದರೂ ಅಷ್ಟೇ. ಸೂರ್ಯ ಈಗ ಕೆಂಪಾಗಿ ಗುಡ್ಡದ ಮೇಲೆ ಒಂದು ಮೊಳದಷ್ಟಿದ್ದ. ಚೌಕಟ್ಟಿನ ಹಿಂಬದಿಗೆ ಅಂಗಡಿಯವನು ನೇಮಣ್ಣನವರ ಅಪೇಕ್ಷೆಯಂತೆಯೇ ಒಂದರ ಪಕ್ಕ ಒಂದು ಮೊಳೆ ಹೊಡೆದಿದ್ದ. ನೇಮಣ್ಣ ಉಗುರಿನಿಂದ ಎಬ್ಬಿಸಲು ನೋಡಿದರು. ಬರಲಿಲ್ಲ. ಚೌಕಟ್ಟನ್ನು ಒಡೆಯಲು ಅವರಿಗೆ ಮನಸ್ಸೂ ಬರಲಿಲ್ಲ.

ಆಗ ಸೋನಾಬಾಯಿ ಗಾಜಿನ ಮೇಲೆ ಬೆರಳಿಟ್ಟರು. "ಈ ಹಗ್ಗಾ ನೋಡ್ರಿ."

"ಅದು ಕರ್ಮ" ಎನ್ನಲು ಹೋಗಿ ನೇಮಣ್ಣ ನಿಂತರು.

"ಕೂಸು ಸೂರ್ಯಾನ್ನ ಗಿಡಕ್ಕ ಕಟ್ಟೈತ್ರಿ. ಅಜ್ಜ ಮುಟ್ಟೂತನಕ ಮುಣಗಬಾರದಂತ" ಎಂದರು ಸೋನಾಬಾಯಿ. ಆಕೆಯ ಕಣ್ಣುಗಳು ತುಂಬಿದ್ದವು.

ನೇಮಣ್ಣನವರ ಬೆರಳೂ ಆ ಹಗ್ಗದ ಗುಂಟ ಹೋಯಿತು. ಇಷ್ಟು ದಿನ ಗೋಡೆಯ ಮೇಲಿಟ್ಟು ಊರಿಗೆಲ್ಲ ತೋರಿಸಿದ್ದರು, ಒಂದು ಸಲವೂ ನೋಡಿರಲಿಲ್ಲ. ಹಾಗೆ ಅನ್ನಿಸಿ ಅವರಿಗೆ ನಾಚಿಕೆಯಾಯಿತು. ಅವರು ಕಾರಿನಿಂದಿಳಿದು ಚೌಕಟ್ಟನ್ನು ಭಾವಿಯ ಕಟ್ಟೆಯ ಮೇಲೆ ಬೋರಲು ಹಾಕಿದರು. ಮಾಸ್ತರರು ಕೊಟ್ಟ ಜ್ಯಾಕಿನ ಹಿಡಿಯಿಂದ ಬಂಗಾರದ ಅಂಚಿಗೆ ಹೊಡೆದರು. ಎರಡನೆಯ ಏಟಿಗೆ ಮೂಲೆ ಬಿಟ್ಟಿತು, ಮೂರನೆಯದಕ್ಕೆ ಗಾಜು ಒಡೆಯಿತು. ಹಾಳೆ ಈಚೆ ಬಂತು, ಒಂದು ಬದಿ ಸ್ವಲ್ಪ ಹರಿಯಿತು. ಮಡಚಿದ್ದನ್ನು ಬಿಚ್ಚಿದರೆ ದಾರಿ ದಿನ್ನೆ ಹತ್ತಿ, ಕೆಂಪು ಹಂಚಿನ ಮನೆಯ ಅಂಗಳಕ್ಕೆ ಹೋಗಿ ನಿಂತಿತ್ತು.

"ಮ್ಯಾಲೆ" ಎಂದರು ನೇಮಣ್ಣ.

ಕಾರು ಏರಲೊಲ್ಲದು. ಅರ್ಧ ದಿನ್ನೆಯಲ್ಲಿ ನಿಂತೇ ಬಿಟ್ಟಿತು. ಮಾಸ್ತರರು ಬ್ರೇಕಿನ ಮೇಲೆ ಕಾಲೂರಿ ಕುಳಿತರು, ಗಂಡ ಹೆಂಡತಿ ಇಳಿದು ನಡೆದರು, ನಡೆದವರು ಓಡಿದರು. ನೇಮಣ್ಣ ಹಾಳೆಯನ್ನು ಎದೆಗವಚಿಕೊಂಡಿದ್ದರು. ದಿನ್ನೆಯ ತಲೆಯಲ್ಲಿ ಕೆಂಪು ಹಂಚು ಕಂಡಿತು. ಅಂಗಳದಲ್ಲಿ ಪಾಯಪ್ಪನವರು ಪಡುವಣಕ್ಕೆ ಮುಖ ಮಾಡಿ, ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದರು. ಸೂರ್ಯನ ಕೆಳ ಅಂಚು ಗುಡ್ಡಕ್ಕೆ ತಾಗಿತ್ತು. ಪಾಯಪ್ಪ ಬೀಗರನ್ನೂ ನೋಡಿದರು, ಸೂರ್ಯನನ್ನೂ ನೋಡಿದರು. ಯಾರ ಪಕ್ಷ ಹಿಡಿಯಬೇಕೆಂದು ಯೋಚಿಸುವವರ ಹಾಗೆ ಕಂಡರು.

"ಬೀಗರ, ನಿಮ್ಮ ಕ್ಷಮಾ ಕೇಳಬೇಕು. ಏನಾತಂದ್ರ, ಮಚ್ಛೆ ದಾಟಿದ ಮ್ಯಾಲೆ" ಎಂದು ನೇಮಣ್ಣ ಏದುಸಿರಿನಲ್ಲೇ ಶುರು ಮಾಡಿದರು.

"ಅಪ್ಪಾ" ಎಂದಳು ಅಡಿಗೆಮನೆಯ ಬಾಗಿಲಿನಿಂದ ಪೂನಮ್. ಆ ಒಂದು ಮಾತಿನಲ್ಲಿ ದೀಪಾವಳಿ ಇತ್ತು, ತವರುಮನೆ ಇತ್ತು. ನೇಮಣ್ಣ ಬಾಯಿ ಮುಚ್ಚಿದರು.

"ಕೈಕಾಲ ತೊಳಕೊಂಡ ಕುಂದರ್ರಿ" ಎಂದರು ಪಾಯಪ್ಪ.

ತಾಟು ಅಂಗಳದಲ್ಲೇ ಬಂತು. ಬಾಳೆಕಾಯಿ ಪಲ್ಯ, ಕಟ್ಟಿನ ಸಾರು, ಹೋಳಿಗೆ, ಅದರ ಮೇಲೆ ತುಪ್ಪ. ಪಾಯಪ್ಪನವರೇ ಬಡಿಸಿದರು. ಬಡಿಸುವುದು, ತಿರುಗಿ ಗುಡ್ಡ ನೋಡುವುದು, ಮತ್ತೆ ಬಡಿಸುವುದು. ನೇಮಣ್ಣ ಉಂಡರು. ರುಚಿ ಹೇಳದೆ, ಹೋಳಿಗೆಯ ಇತಿಹಾಸ ಹೇಳದೆ, ತಲೆ ಎತ್ತದೆ ಉಂಡರು. ಸೋನಾಬಾಯಿ ಪಕ್ಕದಲ್ಲಿ ಅಳುತ್ತಲೇ ಉಂಡರು. ಸೂರ್ಯ ಅರ್ಧವಾದ, ಉಗುರಿನಷ್ಟಾದ. ನೇಮಣ್ಣ ಕೊನೆಯ ತುತ್ತು ನುಂಗಿ, ನೀರು ಕುಡಿದು, ಕೈ ತೊಳೆದರು. ಗುಡ್ಡ ಬರಿದಾಯಿತು.

ಎಲ್ಲರೂ ಪಾಯಪ್ಪನವರ ಮುಖ ನೋಡುತ್ತಿದ್ದರು. ಪಾಯಪ್ಪ ಖಾಲಿ ತಾಟನ್ನು ಬಗ್ಗಿ ನೋಡಿದರು.

"ಉಂಡ್ರು" ಎಂದರು. ಅಷ್ಟು ಹೇಳಿ ಆ ಗಟ್ಟಿ ಮನುಷ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಪೂನಮ್ ಸೆರಗು ಬಾಯಿಗೊತ್ತಿ ಒಳಗೆ ಹೋದಳು. ದಿನ್ನೆಯ ಅರ್ಧದಿಂದ ಮಾಸ್ತರರ ಹಾರ್ನ್ ಕೇಳಿಸಿತು, ಸುಯೋಗ ಗಾಲಿಗೆ ಇಡಲು ಕಲ್ಲು ಹಿಡಿದು ಓಡಿದ.

ಪ್ರಾಚಿ ಮಾತ್ರ ಇದರಲ್ಲಿ ಯಾವುದನ್ನೂ ಗಮನಿಸದೆ, ಅಜ್ಜ ಮನೆಯ ಕಟ್ಟೆಯ ಮೇಲಿಟ್ಟಿದ್ದ ತನ್ನ ಹಾಳೆಯ ಹತ್ತಿರ ಹೋಗಿ ನಿಂತಿದ್ದಳು. "ಅಜ್ಜಾ, ಇದನ್ನ ಯಾಕ ಹರದಿ?"

"ತಪ್ಪಾತವ್ವ" ಎಂದರು ನೇಮಣ್ಣ.

ಪಾಯಪ್ಪನವರು ಹಾಳೆ ನೋಡಲು ಬಂದರು. "ಬೀಗರ, ಮಕ್ಕಳ ಚಿತ್ರಕ್ಕ ನೀವು ಅರ್ಥಾ ಹೇಳತೀರಂತಲ್ಲ. ಬೆಳಗಾವಿ ತುಂಬ ಹೆಸರಾಗೇದಂತ. ಇದರ ಅರ್ಥಾ ಏನು, ಹೇಳ್ರಿ."

ಸೋನಾಬಾಯಿ ಗಂಡನತ್ತ ಗಾಬರಿಯಿಂದ ನೋಡಿದರು. ನೇಮಣ್ಣ ಹಾಳೆಯನ್ನು ಪ್ರಾಚಿಯ ಕೈಗೆ ಕೊಟ್ಟರು.

"ನನಗ ಗೊತ್ತಿಲ್ಲರಿ. ಪ್ರಾಚೀ, ನೀನ ಹೇಳವ್ವ. ನಾ ಕೇಳತೀನಿ."

ಪ್ರಾಚಿ ಹೇಳಿದಳು. ರೈಲು ರೈಲೇ, ಹುಂಜ ಹುಂಜವೇ, ಅದು ಮಂದಿಗೆ ಕಚ್ಚುತ್ತದೆ. ಕೊನೆಗೆ ಮಡಿಕೆಯ ಗೆರೆ ದಾಟಿ ಮನೆಯ ಹತ್ತಿರ ಬಂದಳು. ಆ ಮನೆಗೆ ಗೋಡೆ ಬರೆದಿರಲಿಲ್ಲ, ಒಳಗಿನವರು ಕಾಣಬೇಕಲ್ಲ. ಒಳಗೆ ಎಲ್ಲರೂ ಸಾಲಾಗಿ ತಾಟಿನ ಮುಂದೆ ಕುಳಿತಿದ್ದರು. ಪಾಯಪ್ಪಜ್ಜ, ಅಪ್ಪ, ಅವ್ವ, ತಾನು, ಬೆಳಗಾವಿಯ ಅಜ್ಜಿ. ಸಾಲಿನ ತುದಿಗೆ ಒಂದು ತಾಟು, ತಾಟಿನಲ್ಲಿ ಹೋಳಿಗೆ. ಅದರ ಮುಂದೆ ಯಾರೂ ಇರಲಿಲ್ಲ.

"ಇಲ್ಲೆ ಯಾರು?" ಎಂದರು ನೇಮಣ್ಣ.

"ಅದು ನಿನ್ನ ತಾಟ. ಅಜ್ಜಿ ಬರತಾಳಂತ ಗೊತ್ತಿತ್ತು, ಆಕಿನ್ನ ತಗದೆ. ನೀ ಮಾತಾಡಕೋತ ಎಲ್ಲೆರ ನಿಂತ ಬಿಡತಿಯಂತ ಅವ್ವ ಅಂದ್ಲು. ಅದಕ್ಕ ನಿನ್ನ ತಗೀಲಿಲ್ಲ."

ನೇಮಣ್ಣ ಆ ಖಾಲಿ ಜಾಗವನ್ನು ನೋಡುತ್ತ ಕುಳಿತರು. ಅವರಿಗೆ ಬಹಳ ದುಃಖವಾಯಿತು, ಅದಕ್ಕಿಂತ ಹೆಚ್ಚು ಸಂತೋಷವೂ ಆಯಿತು.

"ಈಗ ಬಂದೇನಲ್ಲ" ಎಂದರು. "ಈಗ ತಗಿ."

ಪ್ರಾಚಿ ಬಣ್ಣದ ಡಬ್ಬಿ ತಂದಳು. ದೀಪದ ಬೆಳಕಿಗೆ ಹಾಳೆ ಹರವಿ, ಅಜ್ಜನ ಎದುರು ಕುಕ್ಕರಗಾಲಿನಲ್ಲಿ ಕುಳಿತು, ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ತಲೆ ಬರೆದಳು, ಚಷ್ಮಾ ಬರೆದಳು. ಆಮೇಲೆ ಕೈ ನಿಲ್ಲಿಸಿದಳು.

"ಅಜ್ಜಾ, ಬಾಯಿ ತೆರದದ್ದು ಬೇಕೋ, ಮುಚ್ಚಿದ್ದು ಬೇಕೋ?"

ನೇಮಣ್ಣ ಉತ್ತರ ಕೊಡಲು ಬಾಯಿ ತೆರೆದರು.

"ಹಂಗ ಇರು" ಎಂದಳು ಪ್ರಾಚಿ. "ಅಳ್ಳಾಡಬ್ಯಾಡ."

ಆಕೆ ಬರೆದು ಮುಗಿಸುವ ತನಕ ನೇಮಣ್ಣನವರು ಬಾಯಿ ತೆರೆದುಕೊಂಡು ಹಾಗೆಯೇ ಕುಳಿತಿದ್ದರು, ಒಂದು ಮಾತೂ ಆಡಲಿಲ್ಲ.